ಇಪ್ಪತ್ತನೆಯವನು

ಕ್ಯಾಲಮ್ ಎಂಬ ಇಂಗ್ಲಿಷ್ ಬೇಸ್ ವಾದಕನಿಗೆ ಕಿಡ್ನಿಯ ಕಲ್ಲು ಸರಿದು ನೋವು ಶುರುವಾದದ್ದು ಗುರುವಾರ ಬೆಳಿಗ್ಗೆ, ಸೌದಿಯ ಖೋಬರ್‌ನ ಹೋಟೆಲಿನಲ್ಲಿ, ತಟ್ಟೆಗೆ ಮೊಟ್ಟೆ ಹಾಕಿಸಿಕೊಳ್ಳುವಾಗ. ಆ ಹೊತ್ತಿಗೆ, ವಾದ್ಯ ಸಜ್ಜು ಮಾಡುವ ಕೆಲಸದ ಝುಹೈರ್ ಕಡಲ ದಂಡೆಯ ಮೈದಾನದಲ್ಲಿ, ಅರ್ಧ ಕಟ್ಟಿದ ವೇದಿಕೆಯ ಹಿಂದೆ ಒಂದು ಪೆಟ್ಟಿಗೆಯ ಮೇಲೆ ಕೂತು, ಅದೇ ಕ್ಯಾಲಮ್‌ನ ಬೇಸ್ ಗಿಟಾರಿನ ಹಳೆಯ ತಂತಿ ಬಿಚ್ಚಿ ಹೊಸದು ಹಾಕುತ್ತಿದ್ದ. ಕ್ಯಾಲಮ್ ನುಡಿಸುವ ತಂಡದ ಪ್ರವಾಸದ ಉಸ್ತುವಾರಿ ನೋಡಿಕೊಳ್ಳುವ ಹಿಲರಿ ಫೋನಿನಲ್ಲಿ ಸುದ್ದಿ ಹೇಳಿದಾಗ "ಸರಿ" ಎಂದ. ಫೋನ್ ಇಟ್ಟು ನಾಲ್ಕನೆಯ ತಂತಿಯನ್ನೂ ಹಾಕಿ ಮುಗಿಸಿದ. ನುಡಿಸುವವನೇ ಆಸ್ಪತ್ರೆ ಸೇರಿದ ಮೇಲೆ ಈ ತಂತಿ ಯಾರಿಗೆ ಎಂದು ಯೋಚಿಸಲೂ ಇಲ್ಲ. ಕೈಗೆ ಬಂದದ್ದನ್ನು ಮುಗಿಸುವುದು, ಮುಂದಿನದಕ್ಕೆ ಹೋಗುವುದು. ನಾಲ್ಕು ತಿಂಗಳಿಂದ ಅವನು ಹಾಗೆಯೇ ಬದುಕಿದ್ದ.

ನಾಲ್ಕು ತಿಂಗಳ ಹಿಂದೆ, ಅಕ್ಟೋಬರಿನಲ್ಲಿ, ಅವನ ಅಣ್ಣ ತಲ್ಹಾ ಹೋಫೂಫ್‌ನಲ್ಲಿ ತನ್ನ ಅಂಗಡಿಯ ಶಟರ್ ಎತ್ತುತ್ತಿದ್ದವನು ಅಲ್ಲೇ ಕುಸಿದು ತೀರಿಹೋಗಿದ್ದ. ಐವತ್ತು ವರ್ಷ. ಸುದ್ದಿ ತಿಳಿದು ದಮ್ಮಾಮ್‌ನಿಂದ ಒಂದೂವರೆ ಗಂಟೆಯಲ್ಲಿ ಹೋಗಿ ಮುಟ್ಟಿದ ಝುಹೈರ್ ಅಣ್ಣನ ದೇಹಕ್ಕೆ ಮೈಯ್ಯತ್ ಸ್ನಾನ ಮಾಡಿಸುವುದರಿಂದ ಹಿಡಿದು ದೂತಾವಾಸದ ಕಾಗದದವರೆಗೆ ಎಲ್ಲವನ್ನೂ ಒಂದೂ ತಪ್ಪಿಲ್ಲದೆ ಮಾಡಿದ. ಖರ್ಜೂರದ ತೋಟಗಳ ಆಚೆಗಿನ ಖಬರಸ್ತಾನದಲ್ಲಿ ಮಣ್ಣು ಹಾಕಿದ. ಅಲ್ಲಿದ್ದ, ತಮ್ಮೂರು ಭಟ್ಕಳದ ಜಮಾತಿನವರು "ಎಷ್ಟು ಗಟ್ಟಿ ಜನ" ಎಂದು ಹೊಗಳಿದರು. ಗಟ್ಟಿಯೋ ಮತ್ತೊಂದೋ, ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿಸಿಕೊಂಡ ದವಡೆಯ ಹಾಗೆ ಇತ್ತು ಅವನಿಗೆ. ಮುಟ್ಟಿದರೆ ಅಲ್ಲಿ ಏನೋ ಇದೆ ಎಂದು ಗೊತ್ತಾಗುತ್ತಿತ್ತು, ಅದು ತನ್ನದು ಎನಿಸುತ್ತಿರಲಿಲ್ಲ.

ಈಗ ಬಂದಿದ್ದ ತಂಡದ ಹೆಸರು ಕೋಲ್ ಬಿಷಪ್. ಇಂಗ್ಲೆಂಡಿನ ಶೆಫೀಲ್ಡ್‌ನ ಉಕ್ಕಿನ ಕಾರ್ಖಾನೆಗಳ ಬದಿಯಲ್ಲಿ ಹುಟ್ಟಿ ನಲವತ್ತೇಳು ವರ್ಷವಾದ ಹೆವಿ ಮೆಟಲ್ ತಂಡ. ಅದರ ಚರಿತ್ರೆಯನ್ನು ಹೋಫೂಫ್‌ನ ಒಂದು ಗೋದಾಮಿನಲ್ಲಿ ಇಬ್ಬರು ಭಟ್ಕಳಿ ಅಣ್ಣ-ತಮ್ಮ ಬಾಯಿಪಾಠ ಮಾಡಿದ್ದರು ಎಂದರೆ ನಂಬುವುದು ಕಷ್ಟ. ಆದರೆ ನಡೆದದ್ದು ಹಾಗೆಯೇ.

ತೊಂಬತ್ತರ ದಶಕದಲ್ಲಿ ಅವರ ತಂದೆಯ ಎಲೆಕ್ಟ್ರಾನಿಕ್ಸ್ ಅಂಗಡಿಗೆ ದೇಶ ಬಿಟ್ಟು ಹೊರಟ ಒಬ್ಬ ಇಂಗ್ಲಿಷ್ ಎಂಜಿನಿಯರ್ ತನ್ನ ಸಾಮಾನೆಲ್ಲ ಮಾರಿ ಹೋದ. ಅದರಲ್ಲಿ ಒಂದು ಬೇಸ್ ಗಿಟಾರ್, ಆರು ಕ್ಯಾಸೆಟ್ ಇದ್ದವು. ಆರೂ ಕೋಲ್ ಬಿಷಪ್. ತಲ್ಹಾನಿಗೆ ಇಪ್ಪತ್ತೊಂದು, ಝುಹೈರ್‌ಗೆ ಹದಿನೇಳು. ಮಧ್ಯಾಹ್ನ ಅಂಗಡಿ ಮುಚ್ಚಿ ತಂದೆ ಮಲಗಿದ ಮೇಲೆ ಇಬ್ಬರೂ ಗೋದಾಮಿನಲ್ಲಿ ಫ್ಯಾನಿನ ರಟ್ಟಿನ ಪೆಟ್ಟಿಗೆಗಳ ನಡುವೆ ಕೂತು, ಸ್ಪೀಕರಿಗೆ ಹಾಕದೆ, ಬರಿಯ ತಂತಿಯ ಸದ್ದಿನಲ್ಲೇ ಕಲಿತರು. ಇದ್ದ ಒಂದೇ ಗಿಟಾರನ್ನು ಹಂಚಿಕೊಂಡರು. ಝುಹೈರ್ ಚೆನ್ನಾಗಿ ನುಡಿಸುತ್ತಿದ್ದ, ತಲ್ಹಾ ಚೆನ್ನಾಗಿ ವಾದ ಮಾಡುತ್ತಿದ್ದ.

ಕ್ಯಾಸೆಟ್ ಪ್ಲೇಯರಿನ ರಬ್ಬರ್ ಬೆಲ್ಟು ಸಡಿಲವಾಗಿ ಹಾಡೆಲ್ಲ ಅರ್ಧ ಸ್ವರ ಇಳಿದು, ಸ್ವಲ್ಪ ಎಳೆದಂತೆ ಕೇಳುತ್ತಿತ್ತು. ಅವರು ಅದನ್ನೇ ಸರಿ ಎಂದು ಕಲಿತರು. ಎಷ್ಟೋ ವರ್ಷದ ಮೇಲೆ ಸಿ.ಡಿ. ಬಂದಾಗ ತಲ್ಹಾ ಒಂದು ಹಾಡು ಕೇಳಿ, "ಇವರೆಂತ ರೈಲು ಹಿಡಿಯಲಿಕ್ಕೆ ಹೊರಟಿದ್ದಾರಾ? ಸಿ.ಡಿ.ಯೇ ತಪ್ಪು ಮಾರಾಯ" ಎಂದಿದ್ದ.

ಜಗಳ ಬರುತ್ತಿದ್ದದ್ದು ತಂಡದ ಜನರ ವಿಷಯಕ್ಕೆ. ಕ್ಯಾಸೆಟ್ಟಿನ ಕಾಗದದ ಇರುವೆ ಅಕ್ಷರಗಳನ್ನು ಓದಿ ಓದಿ ಯಾರು ಯಾವಾಗ ಬಂದರು, ಯಾರು ಹೋದರು ಎಂದು ಇಬ್ಬರಿಗೂ ಗೊತ್ತಿತ್ತು. ಮೊದಲ ಬೇಸ್ ವಾದಕ ಡೆಸ್ ಹಾರ್ಗ್ರೀವ್ ಎರಡನೆಯ ಆಲ್ಬಮ್ ಆದ ಮೇಲೆ ತಂಡ ಬಿಟ್ಟ. ರೇಡಿಯೋಗೆ ಬೇಕಾದ ಮೆತ್ತನೆಯ ಹಾಡು ನುಡಿಸಲಾರೆ ಎಂದು ಅವನು ತತ್ವಕ್ಕಾಗಿ ಬಿಟ್ಟ ಎಂಬುದು ತಲ್ಹಾನ ನಂಬಿಕೆ. "ಡೆಸ್ ಹೋದ ದಿನವೇ ಕೋಲ್ ಬಿಷಪ್ ಮುಗೀತು. ಆಮೇಲೆ ಬಂದವರು ಹೆಸರು ಬಾಡಿಗೆಗೆ ತಗೊಂಡವರು" ಎನ್ನುತ್ತಿದ್ದ. ಝುಹೈರ್ ಒಪ್ಪುತ್ತಿರಲಿಲ್ಲ. ಜನ ಹೋಗುತ್ತಾರೆ, ಬರುತ್ತಾರೆ, ಹೋದವನಿಗೆ ಅವನದೇ ಕಾರಣ ಇರುತ್ತದೆ, ಹಾಡು ನಡೆಯಬೇಕಲ್ಲ ಎಂಬುದು ಅವನ ಮಾತು. ಡೆಸ್‌ನ ಜಾಗಕ್ಕೆ ಬಂದ ಕಾಲಿನ್ ಮಾರ್ಷ್ ಒಳ್ಳೆಯವನೋ ಕೆಟ್ಟವನೋ ಎಂಬುದಕ್ಕೆ ಒಮ್ಮೆ ಒಂದು ವಾರ ಇಬ್ಬರೂ ಮಾತು ಬಿಟ್ಟಿದ್ದರು. ತಾಯಿಗೆ ಕಾರಣ ಹೇಳಲು ಸಾಧ್ಯವಾಗದೆ ಹಣದ ಜಗಳ ಎಂದು ಸುಳ್ಳು ಹೇಳಿದ್ದರು. ವರ್ಷಗಳು ಕಳೆದಂತೆ ಪಟ್ಟಿ ಉದ್ದವಾಯಿತು. ಮೂರನೆಯ ಗಾಯಕ ಬಂದ, ಗಿಟಾರಿನವರು ಹತ್ತು ಜನ ಆದರು, ಕ್ಯಾಲಮ್ ಐದನೆಯ ಬೇಸ್ ವಾದಕ. ಒಟ್ಟು ಹತ್ತೊಂಬತ್ತು ಮಂದಿ. ಮೊದಲಿನಿಂದ ಇದ್ದವನು ಡ್ರಮ್ಮಿನ ನೆವಿಲ್ ಪೈಕ್ ಒಬ್ಬನೇ, ಈಗ ಎಪ್ಪತ್ತು. ಇದು ಅವನ ಕೊನೆಯ ಪ್ರವಾಸ.

ಈ ದೇಶದಲ್ಲಿ ಬಹಿರಂಗ ಸಂಗೀತಕ್ಕೆ ಬಾಗಿಲು ತೆರೆದಾಗ ಝುಹೈರ್ ಅಣ್ಣನ ಅಂಗಡಿ ಬಿಟ್ಟು ದಮ್ಮಾಮ್‌ನ ಒಂದು ಕಾರ್ಯಕ್ರಮ ಕಂಪನಿಗೆ ಸೇರಿದ್ದ. ಹೊರಗಿನಿಂದ ಬರುವ ತಂಡಗಳ ವಾದ್ಯ ಜೋಡಿಸಿ, ಶ್ರುತಿ ಮಾಡಿ ಕೊಡುವ ಕೆಲಸ. ಕೋಲ್ ಬಿಷಪ್ ಬರುತ್ತದೆ ಎಂದು ಕಂಪನಿಯಲ್ಲಿ ಗೊತ್ತಾದದ್ದು ಜನವರಿಯಲ್ಲಿ. ಅಷ್ಟರಲ್ಲಿ ತಲ್ಹಾ ಮಣ್ಣಾಗಿ ಮೂರು ತಿಂಗಳು. ಝುಹೈರ್ ಆ ಪತ್ರವನ್ನು ಬೇರೆ ಪತ್ರಗಳ ಹಾಗೆಯೇ ಓದಿ ಬೇಕಾದ ವಾದ್ಯಗಳ ಪಟ್ಟಿ ಮಾಡಲು ಕೂತಿದ್ದ.

ಗುರುವಾರ ಮಧ್ಯಾಹ್ನ ಎರಡಕ್ಕೆ ಹಿಲರಿ, ಪೈಕ್, ಉಳಿದ ಮೂವರು ಮೈದಾನಕ್ಕೆ ಬಂದರು. ಕ್ಯಾಲಮ್ ಆಸ್ಪತ್ರೆಯಿಂದ ಎದ್ದು ಬರುವ ಹಾಗಿರಲಿಲ್ಲ. ಅಂದು ಸಂಜೆಯ ಕಾರ್ಯಕ್ರಮಕ್ಕೆ ಟಿಕೆಟ್ ಆರು ಸಾವಿರ ಹೋಗಿತ್ತು. ಬೇಸ್ ಭಾಗವನ್ನು ಕಂಪ್ಯೂಟರಿನಿಂದ ಹಾಕೋಣ ಎಂದಳು ಹಿಲರಿ. ಪೈಕ್ ಡ್ರಮ್ಮಿನ ಹಿಂದೆ ಹೋಗಿ ಕೂತ. ಸಣ್ಣ ಆಳು, ಕಿವಿಯ ಮೇಲೆ ಬಿಳಿ ಕೂದಲು, ಸೊಂಟಕ್ಕೆ ಬೆಲ್ಟು.

ಝುಹೈರ್ ವೇದಿಕೆಯ ಇನ್ನೊಂದು ತುದಿಯಲ್ಲಿ ಬೇಸ್ ಸರಿಯಾಗಿ ಕೇಳುತ್ತದೆಯೇ ಎಂದು ನೋಡುತ್ತಿದ್ದ. ಗಾಯಕನಿಗೆ ಅರವತ್ತು ದಾಟಿ ಮೇಲಿನ ಸ್ವರ ಎಟುಕದ್ದರಿಂದ ತಂಡ ಈಗ ಎಲ್ಲ ವಾದ್ಯವನ್ನೂ ಅರ್ಧ ಸ್ವರ ಇಳಿಸಿ ಕಟ್ಟುತ್ತಿತ್ತು. ಅಂದರೆ ಸರಿಯಾಗಿ ಗೋದಾಮಿನ ಶ್ರುತಿ. ಬೆರಳು ತಂತಿಯ ಮೇಲೆ ಬಿದ್ದಾಗ ಎರಡನೆಯ ಆಲ್ಬಮ್ಮಿನ ಮೊದಲ ಹಾಡು ತಾನಾಗಿ ಹೊರಟಿತು. ನಾಲ್ಕು ಸುತ್ತು ಆಗುವಷ್ಟರಲ್ಲಿ ಹಿಂದಿನಿಂದ ಡ್ರಮ್ಮು ಸೇರಿಕೊಂಡಿತು. ಝುಹೈರ್ ನಿಲ್ಲಿಸಿದ. ಡ್ರಮ್ಮು ನಿಲ್ಲಲಿಲ್ಲ. ಮತ್ತೆ ಹಿಡಿದ. ಹಾಡು ಪೂರ್ತಿ ಮುಗಿಯಿತು.

"ನೀನು ಬೀಟಿಗಿಂತ ಕೂದಲೆಳೆಯಷ್ಟು ತಡವಾಗಿ ಬರ್ತೀಯ" ಎಂದ ಪೈಕ್, ಕೋಲು ತೊಡೆಯ ಮೇಲಿಟ್ಟು.

"ಕ್ಷಮಿಸಿ. ಕ್ಯಾಸೆಟ್ ಹಾಗಿತ್ತು" ಎಂದ ಝುಹೈರ್.

"ಕ್ಷಮೆ ಯಾಕೆ? ಡೆಸ್ ಹಾಗೇ ಬರ್ತಿದ್ದ. ಆಮೇಲೆ ಯಾರೂ ಹಾಗೆ ಬರಲಿಲ್ಲ. ಎಷ್ಟು ಹಾಡು ಗೊತ್ತು?"

"ಎಲ್ಲ."

ಪೈಕ್ ಹಿಲರಿಯ ಕಡೆ ತಿರುಗಿ ನೋಡಿದ. ಅವಳು ಕಂಪನಿಯ ಸೌದಿ ಮ್ಯಾನೇಜರಿಗೆ ಫೋನ್ ಮಾಡಿದಳು. ಅವನು "ಯಲ್ಲಾ, ನುಡಿಸಲಿ, ನನಗೆ ಕಾರ್ಯಕ್ರಮ ನಡೆದರೆ ಸಾಕು" ಎಂದ. ಮೂರು ಗಂಟೆಯೊಳಗೆ ಎಲ್ಲ ತೀರ್ಮಾನವಾಗಿತ್ತು. ಝುಹೈರ್‌ನನ್ನು ಯಾರೂ ಒಪ್ಪಿಗೆಯೇ ಎಂದು ಕೇಳಿರಲಿಲ್ಲ. ಕೇಳಿದ್ದರೂ ಅವನು "ಸರಿ" ಎನ್ನುತ್ತಿದ್ದ. ಅವರು ಬೇಡ ಎಂದಿದ್ದರೂ ಅದಕ್ಕೂ ಸರಿ ಎನ್ನುತ್ತಿದ್ದ.

ಹೆಂಡತಿ ಬತೂಲ್‌ಗೆ ಫೋನ್ ಮಾಡಿದ.

"ಎಂತದು? ನೀವಾ? ಸ್ಟೇಜಿನ ಮೇಲಾ?" ಎಂದಳು ಅವಳು. ಅವರಿಬ್ಬರ ಮಾತು ಯಾವತ್ತೂ ಭಟ್ಕಳದ ನವಾಯತಿ ಭಾಷೆಯಲ್ಲೇ. ಆಮೇಲೆ ಕೇಳಿದಳು: "ಶಮೀಮಾ ಭಾಬಿಯ ಇದ್ದತ್ ಮುಗಿದು ಇವತ್ತಿಗೆ ಐದು ದಿನ. ಜನ ಎಂತ ಹೇಳ್ತಾರೆ ಅಂತ ಯೋಚಿಸಿದಿರಾ?"

ಶಮೀಮಾ ತಲ್ಹಾನ ಹೆಂಡತಿ. ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಅವಳು ಇದ್ದತ್ ಪಾಲಿಸಿ ಮನೆಯ ಹೊಸಿಲು ದಾಟಿರಲಿಲ್ಲ.

"ಯೋಚಿಸಲಿಲ್ಲ" ಎಂದ ಝುಹೈರ್.

"ಬೇಡ ಅನ್ನಲಿಕ್ಕೆ ಆಗ್ತದಾ?"

"ಆಗ್ತದೆ."

ಬತೂಲ್ ಉಸಿರು ಬಿಟ್ಟದ್ದು ಕೇಳಿಸಿತು. "ಆದರೂ ಬೇಡ ಅಂದಿಲ್ಲ, ಹಾಗಾದರೆ ನುಡಿಸಿ. ಇಷ್ಟು ದಿನ ಒಂದೂ ಬೇಕು ಅನ್ನಲಿಲ್ಲ ನೀವು. ನಾನು ಝೋಯಾಳನ್ನು ಕರಕೊಂಡು ಬರ್ತೇನೆ."

ಸಂಜೆ ಏಳಕ್ಕೆ ಶುರುವಾಯಿತು. ಕರಿ ಟೀಶರ್ಟಿನ ಸೌದಿ ಯುವಕರು, ಅಬಾಯಾದ ಹುಡುಗಿಯರು, ಫಿಲಿಪ್ಪೀನ್ಸಿನ ನರ್ಸುಗಳು, ರಾಸ್ ಅಲ್ ಖೈರ್‌ನ ಕಾರ್ಖಾನೆಗಳಿಂದ ಬಸ್ಸಿನಲ್ಲಿ ಬಂದ ಎಂಜಿನಿಯರುಗಳು. ಗಾಯಕ ಅವನ ಹೆಸರನ್ನು "ಝೊಹೇರ್, ನಿಮ್ಮ ಊರಿನವನೇ" ಎಂದು ಕೂಗಿದಾಗ ಮೈದಾನ ಭೋರ್ಗರೆಯಿತು. ಝುಹೈರ್ ತಲೆ ಬಗ್ಗಿಸಿದ. ಈ ಕ್ಷಣವನ್ನು ಹದಿನೇಳರ ವಯಸ್ಸಿನಲ್ಲಿ ಎಷ್ಟು ಸಲ ಮನಸ್ಸಿನಲ್ಲೇ ನಡೆಸಿ ನೋಡಿದ್ದ! ಆಗೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು. ಈಗ ಅವನಿಗೆ ಕಂಡದ್ದು ಪಾದದ ಬಳಿ ಸುತ್ತಿಕೊಂಡ ಒಂದು ಕೇಬಲ್. ಯಾರಾದರೂ ಎಡವಿಯಾರು ಎಂದು ಕಾಲಿನಿಂದ ಬದಿಗೆ ಸರಿಸಿದ.

ಹನ್ನೊಂದು ಹಾಡು. ಕೈ ತನ್ನ ಪಾಡಿಗೆ ನುಡಿಸುತ್ತಿತ್ತು. ಅವನು ಆಚೆ ಎಲ್ಲೋ ನಿಂತು ಬೇರೆ ಯಾರದೋ ಕೈ ನೋಡುವಂತೆ ನೋಡುತ್ತಿದ್ದ. ಗಾಳಿಗೆ ಉಪ್ಪಿನ ವಾಸನೆ ಇತ್ತು. ಮೂರನೆಯ ಸಾಲಿನಲ್ಲಿ ಮಗಳು ಝೋಯಾ ಮೊಬೈಲ್ ಎತ್ತಿ ಹಿಡಿದಿದ್ದಳು, ಪಕ್ಕದಲ್ಲಿ ಬತೂಲ್ ಕಿವಿಗೆ ಹತ್ತಿ ಇಟ್ಟುಕೊಂಡಿದ್ದಳು.

ಏಳನೆಯ ಹಾಡಿನ ನಡುವೆ ಪೈಕ್ ತಪ್ಪಿದ. ಒಂದು ತಿರುವಿನಲ್ಲಿ ಮುದುಕನ ಬಲಗೈ ಎಲ್ಲಿಗೆ ಹೋಗಬೇಕೆಂದು ಮರೆತು ಗಾಳಿಯಲ್ಲಿ ನಿಂತಿತು. ಗಿಟಾರಿನವರಿಬ್ಬರೂ ಮುಂದೆ ಓಡಿಬಿಟ್ಟರು. ಝುಹೈರ್ ಓಡಲಿಲ್ಲ. ಒಂದೇ ಸ್ವರವನ್ನು ಹಿಡಿದು ನಿಂತು, ಪೈಕ್‌ನ ಕೈ ಕೆಳಗೆ ಬರುವವರೆಗೆ ಕಾದ. ಬಂತು. ಹಾಡು ಮತ್ತೆ ಕೂಡಿಕೊಂಡಿತು. ಆರು ಸಾವಿರ ಜನರಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಪೈಕ್ ಮಾತ್ರ ಆ ಹಾಡು ಮುಗಿಯುವತನಕ ಅವನ ಬೆನ್ನನ್ನೇ ನೋಡುತ್ತಿದ್ದನಂತೆ, ಆಮೇಲೆ ಹಿಲರಿ ಹೇಳಿದಳು.

ಮುಗಿದ ಮೇಲೆ ವೇದಿಕೆಯ ಹಿಂದಿನ ಕಂಟೈನರ್ ಕೋಣೆಯಲ್ಲಿ ಪೈಕ್ ಬರಿಗಾಲನ್ನು ಐಸಿನ ಬಕೆಟ್ಟಿನಲ್ಲಿ ಇಳಿಬಿಟ್ಟು ಕೂತಿದ್ದ. ಝುಹೈರ್‌ಗೆ ಪಕ್ಕದ ಕುರ್ಚಿ ತೋರಿಸಿದ.

"ಮೂರನೇ ಆಲ್ಬಮ್ಮಿನ ಆ ಹಾಡನ್ನು ಡೆಸ್ ಕೂಡ ನಿನ್ನ ಹಾಗೇ ಕಾದು ನುಡಿಸ್ತಿದ್ದ" ಎಂದ.

"ಮೂರನೇ ಆಲ್ಬಮ್ಮಿನಲ್ಲಿ ಡೆಸ್ ಇರಲಿಲ್ಲ. ಕಾಲಿನ್ ಮಾರ್ಷ್ ಇದ್ದದ್ದು" ಎಂದ ಝುಹೈರ್.

ಪೈಕ್ ಹುಬ್ಬು ಗಂಟಿಕ್ಕಿದ. "ಕಾಲಿನ್. ಕಾಲಿನ್ ಅಂದ್ರೆ ಆ ಉದ್ದನೆಯವನಾ?"

"ಗಿಡ್ಡ. ಎರಡು ವರ್ಷ ಇದ್ದ."

"ಹೌದಾ? ಇರಬಹುದು." ಬಕೆಟ್ಟಿನಲ್ಲಿ ಕಾಲಾಡಿಸಿದ. "ಎಷ್ಟೋ ಜನ ಬಂದರಲ್ಲ."

ಝುಹೈರ್ ಕುರ್ಚಿಯನ್ನು ಅವನ ಕಡೆ ತಿರುಗಿಸಿಕೊಂಡ. ಆಮೇಲೆ ಕೇಳಿದ: "ಡೆಸ್ ಯಾಕೆ ಬಿಟ್ಟ? ಮೆತ್ತನೆಯ ಹಾಡು ನುಡಿಸಲಾರೆ ಅಂತಲಾ?"

"ಯಾರು ಹೇಳಿದ್ದು?" ಪೈಕ್‌ಗೆ ನಗು ಬಂತು. "ಆ ಹಾಡು ಬರೆದವನೇ ಅವನು. ಅವನ ಹೆಂಡತಿಗೆ ಅವಳಿ ಮಕ್ಕಳಾದವು. ಹಾಲಿನ ವ್ಯಾನ್ ಓಡಿಸುವ ಕೆಲಸ ಸಿಕ್ಕಿತು, ಹೋದ. ಹೋಗುವ ದಿನ ನಮಗೆಲ್ಲ ಒಂದೊಂದು ಬಾಟಲಿ ಹಾಲು ಕೊಟ್ಟ."

ಮೂವತ್ತು ವರ್ಷದ ವಾದದಲ್ಲಿ ತಾನು ಗೆದ್ದಿದ್ದೇನೆ ಎಂದು ಝುಹೈರ್‌ಗೆ ತಿಳಿಯಿತು. ಸೋತು ಸಿಟ್ಟು ಮಾಡಿಕೊಳ್ಳಬೇಕಾದವನು ಇರಲಿಲ್ಲ. ಬೇಸರವಾಗಬೇಕಿತ್ತು, ಅಥವಾ ಖುಷಿಯಾದರೂ. ಎರಡೂ ದೂರದ ರಸ್ತೆಯ ವಾಹನದ ದೀಪದ ಹಾಗೆ ಕಂಡು ಹೋದವು.

ಹಿಲರಿ ಒಳಗೆ ಬಂದು ವಿಷಯ ಹೇಳಿದಳು. ಕ್ಯಾಲಮ್‌ಗೆ ಹತ್ತು ದಿನ ವಿಶ್ರಾಂತಿ ಬೇಕು. ಭಾನುವಾರ ಬಹ್ರೇನಿನ ಮನಾಮ, ಆಮೇಲೆ ದೋಹಾ, ಮಸ್ಕತ್. ಝುಹೈರ್ ಬರಬಹುದೇ? ಮರುಪ್ರವೇಶದ ವೀಸಾ, ಸಂಬಳ ಎಲ್ಲವನ್ನೂ ಕಂಪನಿಯ ಜೊತೆ ತಾನೇ ಮಾತಾಡುವುದಾಗಿ ಹೇಳಿದಳು. "ಈ ತಂಡದಲ್ಲಿ ನುಡಿಸಿದ ಇಪ್ಪತ್ತನೆಯವನು ನೀನು, ಗೊತ್ತಾ?" ಎಂದಳು.

"ಗೊತ್ತು" ಎಂದ ಝುಹೈರ್. "ಆದರೆ ಭಾನುವಾರ ಆಗುವುದಿಲ್ಲ. ಅತ್ತಿಗೆಯನ್ನೂ ಅವರ ಮಗುವನ್ನೂ ಊರಿನ ವಿಮಾನ ಹತ್ತಿಸಬೇಕು."

"ಬೇರೆ ಯಾರಾದರೂ...?"

"ಇಲ್ಲ. ನಾನೇ ಹತ್ತಿಸಬೇಕು."

ಪೈಕ್ ಬಕೆಟ್ಟಿನಿಂದ ಕಾಲು ತೆಗೆದು ಟವೆಲಿನಲ್ಲಿ ಒರೆಸಿಕೊಂಡ. ಒತ್ತಾಯ ಮಾಡಲಿಲ್ಲ. ಎದ್ದು ಕೈ ಕುಲುಕಿದ. ಮನಾಮದಲ್ಲಿ ಅವರು ಕಂಪ್ಯೂಟರಿನ ಬೇಸ್ ಇಟ್ಟುಕೊಂಡು ನುಡಿಸಿದರಂತೆ. ಪೈಕ್ ಬೇಸಿಗೆಯಲ್ಲಿ ನಿವೃತ್ತನಾದ, ಅವನ ಜಾಗಕ್ಕೆ ಇಪ್ಪತ್ತೆಂಟರ ಒಬ್ಬಳು ಬಂದಳು. ಮೊದಲಿನವರು ಈಗ ಒಬ್ಬರೂ ಇಲ್ಲದ ಕೋಲ್ ಬಿಷಪ್ ಈಗಲೂ ಊರೂರು ಸುತ್ತುತ್ತಿದೆ.

ಶನಿವಾರ ಮಧ್ಯಾಹ್ನ ಝುಹೈರ್ ಹೋಫೂಫ್‌ಗೆ ಹೋದ. ಶಮೀಮಾ ಮನೆ ಖಾಲಿ ಮಾಡುತ್ತಿದ್ದಳು. ಗಂಡನ ಹೆಸರಿನಲ್ಲಿದ್ದ ಇಕಾಮಾ, ಅಂದರೆ ವಾಸದ ಪರವಾನಗಿಯ ಮೇಲೆ ಅವಳೂ ಹತ್ತು ವರ್ಷದ ಮಗಳು ಸಫಿಯತ್‌ಳೂ ಇನ್ನು ಇಲ್ಲಿ ಇರುವಂತಿರಲಿಲ್ಲ. ಪಾಸ್‌ಪೋರ್ಟಿಗೆ ಕೊನೆಯ ನಿರ್ಗಮನದ ಮೊಹರು ಬಿದ್ದಾಗಿತ್ತು. ಗೋಡೆಯ ಮೇಲೆ ಕ್ಯಾಲೆಂಡರು ತೆಗೆದ ಜಾಗ ಬೆಳ್ಳಗೆ ಕಾಣುತ್ತಿತ್ತು. ಝುಹೈರ್ ಪೆಟ್ಟಿಗೆಗಳಿಗೆ ಟೇಪು ಸುತ್ತತೊಡಗಿದ. ಗುರುವಾರದ ಕಾರ್ಯಕ್ರಮದ ವಿಡಿಯೊ ಇಷ್ಟು ಹೊತ್ತಿಗೆ ಜಮಾತಿನ ಎಲ್ಲರ ಮೊಬೈಲಿಗೂ ಬಂದಿರುತ್ತದೆ ಎಂದು ಅವನಿಗೆ ಗೊತ್ತಿತ್ತು.

ಶಮೀಮಾ ಚಹಾ ತಂದಿಟ್ಟಳು. "ನೋಡಿದೆ" ಎಂದಳು.

ಝುಹೈರ್ ಟೇಪಿನ ತುದಿ ಹುಡುಕುತ್ತಿದ್ದ. "ಬೇಡ ಅನ್ನಬಹುದಿತ್ತು ಭಾಬಿ. ಅನ್ನಲಿಲ್ಲ."

"ಯಾಕೆ ಅನ್ನಬೇಕು? ಅದಲ್ಲ ನಾನು ಹೇಳಿದ್ದು. ಆರು ನಿಮಿಷದ ವಿಡಿಯೊ, ಮೂರು ಸಲ ನೋಡಿದೆ. ನೀವು ಒಂದು ಸಲವೂ ನಗಲಿಲ್ಲ."

"ನಗು ಬರಲಿಲ್ಲ. ಎಂತದೂ ಬರಲಿಲ್ಲ."

ಶಮೀಮಾ ಒಂದು ಪೆಟ್ಟಿಗೆಯ ಮೇಲೆ ಕೂತಳು. "ನನಗೆ ಅಳು ಬರಲಿಲ್ಲ ಈ ನಾಲ್ಕು ತಿಂಗಳು. ಮಾತಾಡಿಸಲಿಕ್ಕೆ ಬಂದ ಹೆಂಗಸರು ನನ್ನ ಮುಖವನ್ನೇ ನೋಡ್ತಾ ಕೂರ್ತಿದ್ದರು, ಈಗ ಅಳ್ತಾಳೆ, ಈಗ ಅಳ್ತಾಳೆ ಅಂತ. ಕೊನೆಗೆ ಒಬ್ಬರು ಹೇಳಿಯೇ ಬಿಟ್ಟರು, ನಿನ್ನದು ಕಲ್ಲೆದೆ ಅಂತ. ನಾನು ಅವರಿಗೆ ಬಿಸ್ಕೆಟ್ ಕೊಟ್ಟೆ."

ಝುಹೈರ್ ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿದ. ತನಗೊಬ್ಬನಿಗೇ ಹೀಗೆ ಎಂದುಕೊಂಡಿದ್ದ. ಇಬ್ಬರೂ ಚಹಾ ಕುಡಿದರು. ಸಂಜೆಯವರೆಗೆ ಹದಿಮೂರು ಪೆಟ್ಟಿಗೆ ಕಟ್ಟಿದರು.

ಭಾನುವಾರ ಬೆಳಿಗ್ಗೆ ದಮ್ಮಾಮ್ ವಿಮಾನ ನಿಲ್ದಾಣದಲ್ಲಿ ಸಾಮಾನು ಒಂಬತ್ತು ಕಿಲೋ ಹೆಚ್ಚು ತೂಗಿತು. ಕೌಂಟರಿನವನು ತಲೆಯಾಡಿಸಿದ. ಶಮೀಮಾ ನೆಲದಲ್ಲೇ ಸೂಟ್‌ಕೇಸ್ ಬಿಚ್ಚಿ ಪ್ರೆಶರ್ ಕುಕ್ಕರ್, ಎರಡು ಹೊದಿಕೆ, ಇಸ್ತ್ರಿಪೆಟ್ಟಿಗೆ ಹೊರಗೆ ತೆಗೆದಳು. ಸಫಿಯತ್ ಚಿಕ್ಕಪ್ಪನ ಕೈಗೆ ಒಂದೊಂದಾಗಿ ಕೊಟ್ಟಳು. ಸರದಿಯಲ್ಲಿ ಹಿಂದಿನವರು ದೂಡುತ್ತಿದ್ದರು. ಆ ಗಡಿಬಿಡಿಯಲ್ಲಿ ಸರಿಯಾಗಿ ಬೀಳ್ಕೊಡಲೂ ಆಗಲಿಲ್ಲ. ಗಾಜಿನ ಬಾಗಿಲಿನಾಚೆಯಿಂದ ಮಗು ಕೈಬೀಸಿತು. ಝುಹೈರ್‌ನ ಎರಡೂ ಕೈಯಲ್ಲಿ ಸಾಮಾನಿತ್ತು. ಅವನು ಕುಕ್ಕರನ್ನೇ ಸ್ವಲ್ಪ ಮೇಲೆತ್ತಿ ತೋರಿಸಿದ.

ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಕುಕ್ಕರಿನ ಮುಚ್ಚಳ ಗಡಗಡ ಅಲುಗತೊಡಗಿತು. ಹತ್ತು ನಿಮಿಷ ಸಹಿಸಿದ. ಆಮೇಲೆ ಒಂದು ಪೆಟ್ರೋಲ್ ಪಂಪಿನ ಬದಿಗೆ ಗಾಡಿ ನಿಲ್ಲಿಸಿ, ಹಿಂದಿನ ಬಾಗಿಲು ತೆಗೆದು ಮುಚ್ಚಳವನ್ನು ಹೊದಿಕೆಯಲ್ಲಿ ಸುತ್ತಿದ. ಸುತ್ತಿ ಮುಗಿಸಿ ಮುಂದೆ ಬಂದು ಕೂತು, ನೀರಿನ ಬಾಟಲಿ ತೆಗೆದ. ಬಿರಡೆ ತಿರುಗಲಿಲ್ಲ. ಬೆರಳುಗಳು ನಡುಗುತ್ತಿದ್ದವು. ಇನ್ನೊಂದು ಕೈಯಿಂದ ತಿರುಗಿಸಿ ನೋಡಿದ, ಅದೂ ಹಾಗೇ. ಅವನು ಬಾಗಿಲು ತೆರೆದೇ ಇಟ್ಟು, ಬಾಟಲಿ ತೊಡೆಯ ನಡುವೆ ಇಟ್ಟುಕೊಂಡು, ತನ್ನ ಕೈಗಳನ್ನೇ ನೋಡುತ್ತ ಕೂತ.

ಪಂಪಿನ ಬಂಗಾಳಿ ಕೆಲಸಗಾರ ದೂರದಿಂದ ನೋಡಿ ಹತ್ತಿರ ಬಂದ. "ಕ್ಯಾ ಹುವಾ ಭಾಯಿ? ಶುಗರ್ ಹೈ?" ಎಂದ. ಉತ್ತರಕ್ಕೆ ಕಾಯದೆ ಬಾಟಲಿ ತೆಗೆದುಕೊಂಡು, ಬಿರಡೆ ತಿರುಗಿಸಿ, ಅವನ ಬಾಯಿಯ ಹತ್ತಿರ ಹಿಡಿದ.

"ನನ್ನ ಅಣ್ಣ ಸತ್ತು ಹೋದ" ಎಂದ ಝುಹೈರ್, ಹಿಂದಿಯಲ್ಲಿ.

"ಕಬ್?"

"ಅಕ್ಟೋಬರಿನಲ್ಲಿ."

ಕೆಲಸಗಾರ ಸಾವಿನ ಸುದ್ದಿಗೆ ಹೇಳುವ ಇನ್ನಾಲಿಲ್ಲಾಹಿಯನ್ನು ತುಟಿಯಲ್ಲೇ ಹೇಳಿ, ಝುಹೈರ್ ನೀರು ಕುಡಿಯುವವರೆಗೆ ಪಕ್ಕದಲ್ಲಿ ನಿಂತ. ಆಮೇಲೆ ಒಂದು ಲಾರಿ ಬಂದದ್ದರಿಂದ ಆ ಕಡೆ ಹೋದ.

ಬತೂಲ್ ಫೋನ್ ಮಾಡಿದಾಗ ಝುಹೈರ್ ಇನ್ನೂ ಅಲ್ಲೇ ಇದ್ದ. "ಹೋದರಾ? ನೀವೆಲ್ಲಿದ್ದೀರಿ?"

"ಪಂಪಿನಲ್ಲಿ. ಬರ್ತೇನೆ. ತೂಕ ಹೆಚ್ಚಾಗಿ ಕುಕ್ಕರ್ ಬಿಟ್ಟು ಹೋದರು."

"ನಮ್ಮಲ್ಲಿ ಎರಡು ಇದೆಯಲ್ಲ."

"ಇರಲಿ" ಎಂದ. ಧ್ವನಿ ಒಡೆಯಿತು. ಬತೂಲ್ ಫೋನ್ ಇಡಲಿಲ್ಲ. ಅವನು ಗಾಡಿ ಶುರು ಮಾಡುವ ಸದ್ದು ಕೇಳಿಸುವವರೆಗೆ ಅತ್ತ ಕಡೆ ಕಾದಳು.